ಬಾಗಿಲು ಎರಡು, ಬಾಯ್ಲರ್ ಒಂದು

ಬ್ರಾಂಕ್ಸ್‌ನ ಈ ಕಟ್ಟಡಕ್ಕೆ ಬಾಗಿಲು ಎರಡು, ಬಾಯ್ಲರ್ ಒಂದೇ.
ಕೆಳಗಿನೆರಡು ಅಂತಸ್ತು ಸರ್ಕಾರಿ ಶಾಲೆ,
ಮೂರನೆಯದು ಚಾರ್ಟರ್.
ಹತ್ತೊಂಬತ್ತು ವರ್ಷದಿಂದ ಎರಡನ್ನೂ ಗುಡಿಸುವವನು ನಾನು, ಎವರಾರ್ಡೊ.
ಮೇಲಿನಿಂದ ಶುರುಮಾಡುತ್ತೇನೆ, ಕಸ ಹೇಗೂ ಕೆಳಕ್ಕೇ ಬರುತ್ತದೆ.

ಮೂರನೆಯದರಲ್ಲಿ ನೆಲಕ್ಕೆ ಹಳದಿ ಗೆರೆ ಎಳೆದಿದ್ದಾರೆ.
ಮಕ್ಕಳು ಅದನ್ನೇ ತುಳಿದು ನಡೆಯಬೇಕು,
ಕೆನ್ನೆತುಂಬ ಗಾಳಿ ಹಿಡಿದು, ಮಾತು ಹೊರಬೀಳದ ಹಾಗೆ.
ಗೋಡೆಯಲ್ಲಿ ಆಳೆತ್ತರದ ಅಂಕಿ: ಗಣಿತ, ನೂರಕ್ಕೆ ಎಂಬತ್ತೊಂದು.
ಕೆಳಗೆ ಯಾರೂ ಅಂಕಿ ಅಂಟಿಸಿಲ್ಲ. ಮೂವತ್ತನಾಲ್ಕು.
ಹುಳುಕು ಹಲ್ಲು ನಾಲಿಗೆಗೆ ಗೊತ್ತಿರುವಂತೆ
ಎಲ್ಲರಿಗೂ ಗೊತ್ತು.

ಸುಳ್ಳು ಹೇಳಬಾರದು, ಮೇಲಿನ ಮಕ್ಕಳು ಓದುತ್ತಾರೆ.
ನನ್ನ ಕ್ಯಾನಿನ ಮೇಲಿನ ಎಚ್ಚರಿಕೆಯನ್ನು ಒಂದನೇ ಕ್ಲಾಸಿನವಳೊಬ್ಬಳು
ತಡವರಿಸದೆ ಓದಿ, "ಕರೋಸಿವ್ ಅಂದರೇನು?" ಎಂದಳು.
"ಮುಟ್ಟಬೇಡ ಅಂತ," ಎಂದೆ. ನನಗೆ ಅಷ್ಟೇ ಗೊತ್ತಿದ್ದದ್ದು.

ಯಾರಿಲೀಸ್‌ಗೆ ಎರಡನೇ ಕ್ಲಾಸಿನ ಚೀಟಿ ಬಂದದ್ದು
ಏಪ್ರಿಲ್‌ನಲ್ಲಿ, ನಾನೇ ಕುರ್ಚಿ ಹಾಕಿದ್ದ ಜಿಮ್ಮಿನಲ್ಲಿ.
ಇನ್ನೂರ ಹನ್ನೆರಡು! ಅವಳಮ್ಮ ಕುರ್ಚಿ ಹತ್ತಿ ಕೂಗಿದಳು.
ಪಕ್ಕದ ಡೆಸ್ಮಾರ್, ಇನ್ನೂರ ಹದಿಮೂರು,
ತನ್ನ ಚೀಟಿಯನ್ನು ಮಡಚಿ ಮಡಚಿ ಉಗುರಿನಷ್ಟಾಗಿಸಿದ.
ಅದನ್ನೂ ಗುಡಿಸಿದೆ.

ಎರಡನೇ ಚಳಿಗಾಲಕ್ಕೆ ಯಾರಿಲೀಸ್ ಕೆಳಗಿಳಿದಳು.
ಯಾರೂ ಹೊರಗೆ ಹಾಕಲಿಲ್ಲ. ಫೋನು ಮಾಡಿದರು, ಅಷ್ಟೆ,
ಬೆಳಿಗ್ಗೆ, ಮಧ್ಯಾಹ್ನ, ಅಮ್ಮ ದುಡಿಯುವ ಲಾಂಡ್ರಿಗೆ:
ಗೆರೆ ಬಿಟ್ಟಳೆಂದು, ನಕ್ಕಳೆಂದು,
ಬೇರೆಲ್ಲಾದರೂ ಇನ್ನೂ ಖುಷಿಯಾಗಿರಬಹುದೇನೋ ಎಂದು.
ಪರೀಕ್ಷೆಗೆ ಆರು ವಾರವಿತ್ತು.
ಮಿಸ್ ಡಾರ್ಸನ್‌ವಿಲ್ ಕ್ಲಾಸಿಗೆ ಮೂವತ್ತೊಂದನೆಯ ಕುರ್ಚಿಯನ್ನು
ನೆಲಮಾಳಿಗೆಯಿಂದ ಹೊತ್ತುತಂದೆ. ಒಂದು ಕಾಲು ಗಿಡ್ಡ,
ಅಡಿಗೆ ಚೀಟಿ ಮಡಚಿ ಇಟ್ಟೆ.

ಮೇ ತಿಂಗಳಲ್ಲಿ ವಿಶ್ವವಿದ್ಯಾಲಯದವಳೊಬ್ಬಳು ಬಂದಳು, ಒದ್ದೆ ಛತ್ರಿ, ಲ್ಯಾಪ್‌ಟಾಪ್.
ಚೀಟಿ ಬಂದವರನ್ನೂ ಬಾರದವರನ್ನೂ ಹೋಲಿಸುತ್ತಾಳಂತೆ,
ಅದೃಷ್ಟವೊಂದನ್ನು ಬಿಟ್ಟರೆ ಇಬ್ಬರೂ ಒಂದೇ ಎಂದು.
ಒಳ್ಳೆಯ ಲೆಕ್ಕ. ಮಾಪು ಒರಗಿಸಿ ಕೇಳಿದೆ:
"ಮೇಲೆ ಹೋಗಿ ಕೆಳಗೆ ಬಂದವಳು ಯಾರ ಪಾಲು?"
"ಮೇಲಿನವರ ಪಾಲು. ಚೀಟಿ ಎತ್ತಿದ ದಿನವೇ ತೀರ್ಮಾನ.
ಹಾಗಲ್ಲದಿದ್ದರೆ ಲೆಕ್ಕ ಮೋಸವಾಗುತ್ತದೆ."
ಯೋಚಿಸಿದಷ್ಟೂ ಸರಿಯೆನಿಸಿತು.
ಗೋಡೆಗೆ ಅಂಕಿ ಅಂಟಿಸಿದವರು ಮಾತ್ರ ಅವಳನ್ನು ಕೆಳಗೆ ಬರೆದಿದ್ದಾರೆ.

ಮೇಲಿನವರ ಪಾಲು ಈಗ ಕಾರಿಡಾರಿನಲ್ಲಿ ಬರುತ್ತಿದೆ.
ಇಲ್ಲಿ ಗೆರೆಯಿಲ್ಲ, ಆದರೂ ಟೈಲ್ಸಿನ ಸಂದಿಯ ಮೇಲೇ ಹೆಜ್ಜೆ,
ಎರಡು ಕೆನ್ನೆಯಲ್ಲೂ ಗಾಳಿ.
ಡೆಸ್ಮಾರ್ ಹಿಂದಿನಿಂದ ಓಡಿಬಂದು
ಬೆರಳಲ್ಲಿ ಒತ್ತುತ್ತಾನೆ.
ಪುಸ್!