ಎಂಬತ್ತರ ಆಚೆ

ಎಪ್ಪತ್ತರ ತನಕ ಮರ್ಯಾದಸ್ಥ.
ಕುಡತಿನಿಯ ಚಿಮಣಿಗಳು ಹಿಂದಾಗಿ
ರಸ್ತೆ ನೆಟ್ಟಗಾಯಿತೋ, ಮುಳ್ಳು ಎಂಬತ್ತು ಮುಟ್ಟಿತೋ,
ಹ್ಯಾಂಡಲಿನೊಳಗೊಂದು ಜೇನುಗೂಡು ಎದ್ದೇಳುತ್ತದೆ.
ಕನ್ನಡಿಯಲ್ಲಿ ಅದಿರಿನ ಲಾರಿ
ಎರಡಾಗುತ್ತದೆ, ಆಮೇಲೆ ಬರೀ ಕೆಂಪು.

ಇಪ್ಪತ್ತೊಂದು ವರ್ಷದ ಎಲಿಮಿನೇಟರ್.
ಗುಂತಕಲ್ಲಿನ ರೈಲ್ವೆ ಗಾರ್ಡೊಬ್ಬರು ಮಾರಿದ್ದು.
ಕೊಂಡದ್ದು ಶೋಕಿಗಲ್ಲ. ಸೀಟು ತಗ್ಗು,
ಐದಡಿಗೆ ಒಂದಂಗುಲ ಕಡಿಮೆಯಿರುವ ನನಗೆ
ಎರಡೂ ಕಾಲು ನೆಲಕ್ಕೆ ಸಿಗುತ್ತವೆ, ಅಷ್ಟೇ.
ಹಿಂದೆ ಕಟ್ಟಿದ ಡಬ್ಬಿಯಲ್ಲಿ ಐಸು, ಐಸಿನ ನಡುವೆ
ತೋರಣಗಲ್ಲಿನ ಮನೆಮನೆಯ ರಕ್ತ,
ಹೆಸರು, ವಯಸ್ಸು, ಉಪವಾಸವೋ ಊಟವಾಗಿತ್ತೋ.

ರಕ್ತಕ್ಕೂ ರಸ್ತೆ ಗೊತ್ತಾಗುತ್ತದೆ.
ಬಳ್ಳಾರಿಯ ಲ್ಯಾಬಿನಲ್ಲಿ ಗಿರ್ರನೆ ತಿರುಗಿಸಿ ನೋಡಿದರೆ
ಒಣಹುಲ್ಲಿನ ಬಣ್ಣ ಇರಬೇಕಾದಲ್ಲಿ ಗುಲಾಬಿ.
"ಒಡೆದೈತಕ್ಕಾ, ಇನ್ನೊಮ್ಮೆ ತೆಗೀರಿ."
ವಾರಕ್ಕೆ ನಾಲ್ಕು.
ಹೊಲಿಗೆ ಗಲ್ಲಿಯಿಂದ ಜೀನ್ಸಿನ ಚೂರು ತಂದು
ಟ್ಯೂಬಿಗೊಂದೊಂದು ಅಂಗಿ ತೊಡಿಸಿದೆ.
ವಾರಕ್ಕೆ ಮೂರಾಯಿತು.

ಗುರುಸಿದ್ದಮ್ಮನ ನರ ಮೊದಲೇ ನಾಚಿಕೆಯದು.
ಮೂವತ್ತು ಕಿಲೋಮೀಟರು ಜೋಮು ಹಿಡಿದ ಬೆರಳಿಗೆ
ಚರ್ಮದ ಕೆಳಗೆ ಏನೂ ಕೇಳಿಸಲಿಲ್ಲ.
ಮೂರು ಸಲ ಚುಚ್ಚಿದೆ.
"ಇರ್ಲಿ ಬಿಡವ್ವ" ಅಂದಳು,
"ಸೂಜಿಗಿಂತ ನಿನ್ನ ಮಾರಿ ನೋಡಿದ್ರ ನೋಯ್ತದ."

ಅವತ್ತೇ ಕೌಲ್ ಬಜಾರಿಗೆ ಹೋದೆ.

ಎರ್ರಿಸ್ವಾಮಿ ಗಾಡಿ ಚಾಲೂ ಮಾಡಲಿಲ್ಲ, ಮುಟ್ಟಲೂ ಇಲ್ಲ.
"ಎಲ್ಲಿ ನಡುಗ್ತದ? ಪಾದಕ್ಕ, ತೊಡಿಗ, ಬೆರಳಿಗ?
ಯಾವಾಗಿಂದ? ಏರಿನಾಗೋ ಇಳಿಜಾರಿನಾಗೋ?"
ದಿನವಿಡೀ ನಾನು ಕೇಳುವ ಪ್ರಶ್ನೆಗಳನ್ನು
ಮೊದಲ ಸಲ ನನಗೇ ಯಾರೋ ಕೇಳಿದ್ದರು.

ಹ್ಯಾಂಡಲ್ ಬುಡದಿಂದ ರಬ್ಬರ್ ಬುಶ್ ಕಿತ್ತು
ನೆಲಕ್ಕೆ ಒಗೆದ. ಟಣ್ ಅಂತು.
"ಇದು ರಬ್ಬರಲ್ಲಕ್ಕಾ, ಹರಳು."
ಬಿಗಿದಿದ್ದ ಚೈನಿಗೆ ಎರಡು ಬೆರಳು ಉಸಿರು ಕೊಟ್ಟ.
ಮುಂದಿನ ಹಲ್ಲುಗಾಲಿಗೆ ಒಂದು ಹಲ್ಲು ಹೆಚ್ಚು ಹಾಕಿದ:
"ಅದೇ ಎಂಬತ್ತು, ಆದ್ರ ಇಂಜಿನ್ನಿಗೆ ಓಟ ಕಮ್ಮಿ."
ಹೊಸಪೇಟೆ ಡ್ಯಾಮಿನ ಮೀನುಗಾರರು
ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು
ಹ್ಯಾಂಡಲ್ ಕೊಳವೆಯೊಳಗೆ ಒಂದೊಂದಾಗಿ ಇಳಿಬಿಟ್ಟ,
ಅಳುವ ಕೂಸಿನ ಬಾಯಿಗೆ ತುತ್ತಿಟ್ಟಂತೆ.

ಕೊನೆಗೆ ಇಂಜಿನ್ ಹಿಡಿದ ಬೋಲ್ಟುಗಳನ್ನೆಲ್ಲ ಸಡಿಲಿಸಿ
ಚಾಲೂ ಮಾಡಿ, ಕೈಕಟ್ಟಿ ನಿಂತ.
ಚಹಾ ಬಂತು. ಕುಡಿದೆವು.
ಏನು ಮಾಡುತ್ತಿದ್ದಿ ಅಂದರೆ,
"ನಾನೇನಿಲ್ಲ. ತನ್ನ ಜಾಗ ತಾನೇ ಹುಡುಕ್ಕೊಳ್ಳಾಕ ಹತ್ತೈತಿ."
ಆಮೇಲೆ ಒಂದೊಂದೇ ಬಿಗಿದ, ಅರ್ಧರ್ಧ ಸುತ್ತು.

ಮರುದಿನ ಎಂಬತ್ತು. ಎಂಬತ್ತೈದು.
ಕನ್ನಡಿಯಲ್ಲಿ ಲಾರಿಯ ನಂಬರು ತಲೆಕೆಳಗಲ್ಲ, ಎಡಬಲವಾಗಿ,
ಓದಬಹುದಾದಷ್ಟು ನಿಶ್ಚಲ.
ಡ್ರೈವರಿಗೆ ಮೀಸೆಯಿತ್ತು. ಇಷ್ಟು ದಿನ
ನನ್ನ ಬೆನ್ನಿಗೇ ಇಷ್ಟು ಹತ್ತಿರ ಬರುತ್ತಿದ್ದನೇ?
ಗೊತ್ತಾಗದಿದ್ದಾಗಲೇ ಧೈರ್ಯ ಹೆಚ್ಚಿತ್ತು.

ವಾರವಿಡೀ ಒಂದೂ ಗುಲಾಬಿಯಾಗಲಿಲ್ಲ.
ಆದರೂ ಬಲಗೈ ಹೆಬ್ಬೆರಳಲ್ಲಿ ಸಣ್ಣಗೆ ಜುಮ್ ಜುಮ್.
ಗಾಡಿ ಮತ್ತೆ ತಂದು ನಿಲ್ಲಿಸಿದೆ.

"ಹೆಬ್ಬೆರಳಿಗಷ್ಟೇನಾ?"
ತೋರುಬೆರಳಿಗೂ.
"ಗಾಡಿ ನಿಂತ ಮ್ಯಾಲೂ?"
ಹೂಂ.
"ರಾತ್ರಿ ಮಲಗಿದಾಗ?"
ಹೇಳಲು ಸ್ವಲ್ಪ ಹೊತ್ತು ಬೇಕಾಯಿತು.
ಪಾನಾ ಒರೆಸಿ ಡಬ್ಬಿಗೆ ಹಾಕಿದ.
"ಹಂಗಾರ ಅದು ನಮ್ಮ ಬಾಬತ್ತಲ್ಲಕ್ಕಾ."

ಒಂಬತ್ತು ವರ್ಷ, ದಿನಕ್ಕೆ ನಲವತ್ತು ಸೂಜಿ,
ನಲವತ್ತು ಮುಚ್ಚಳ, ಎಲ್ಲ ಇದೇ ಹೆಬ್ಬೆರಳಿನಿಂದ ಎಗರಿಸಿದ್ದು.
ಬೈದದ್ದೆಲ್ಲ ಈ ಮುದಿ ಗಾಡಿಯನ್ನು.

ಡಾಕ್ಟರಿಗೆ ತೋರಿಸಬೇಕು.
ಬೆಳಗ್ಗೆ ಏಳಕ್ಕೆ ಗುರುಸಿದ್ದಮ್ಮನ ಸಕ್ಕರೆ ಇದೆ,
ಹಸಿದುಕೊಂಡು ಕೂತಿರುತ್ತಾಳೆ.
ಮೊದಲು ಅದು.