ಆರರಿಂದ ಹತ್ತು

ಸಂಜೆ ಆರಕ್ಕೆ ಐದು ನಿಮಿಷ ಇರುವಾಗ
ಮೈನಿನ ಹಿಡಿ ಕೆಳಗೆಳೆಯುತ್ತೇನೆ.
ಕಂಪ್ರೆಸರು ಒಮ್ಮೆಗೇ ನಿಲ್ಲುವುದಿಲ್ಲ;
ಬೆಲ್ಟು ಇನ್ನೂ ನಾಲ್ಕು ಸುತ್ತು ಗೊಣಗಿ,
ಉಂಡು ಅಡ್ಡಾಗುವ ಮುದುಕನ ಹಾಗೆ
ಒಂದು ಸಲ ತೇಗಿ ಸುಮ್ಮನಾಗುತ್ತದೆ.

ಇಪ್ಪತ್ತೆರಡು ವರ್ಷ ಧಕ್ಕೆಯ ಈ ಐಸ್ ಪ್ಲಾಂಟಿನಲ್ಲಿ
ನಾನು ಕಾದದ್ದು ಸದ್ದನ್ನೇ.
ಸದ್ದು ನಿಂತರೆ ನಿದ್ದೆಯಲ್ಲೂ ಎದ್ದು ಕೂರುತ್ತಿದ್ದವನು.
ಈಗ ನಿಲ್ಲಿಸುವುದೇ ಕೆಲಸ.

ಮಾರ್ಚಿನಲ್ಲಿ ಹೊಸ ಮೀಟರು ಬಂತು. ಅದಕ್ಕೆ ಗಂಟೆ ಗೊತ್ತು.
ಆರರಿಂದ ಹತ್ತರವರೆಗೆ ಯೂನಿಟ್ಟಿಗೆ ಒಂದು ದರ,
ಊರು ಮಲಗಿದ ಮೇಲೆ ಇನ್ನೊಂದು.
ಧಣಿ ಇದಿನಬ್ಬ ಹಾಜಿ ಬಿಲ್ಲನ್ನು ಎರಡು ಸಲ ಮಡಚಿ
ಕನ್ನಡಕದ ಪೆಟ್ಟಿಗೆಯೊಳಗಿಟ್ಟು ಹೇಳಿದರು:
"ವಾಮನ, ಮೀನಿಗೆ ಹಗಲು ರಾತ್ರಿ ಉಂಟಾ?
ಐಸಿಗೂ ಇಲ್ಲ. ರಾತ್ರಿ ಕಟ್ಟು."

ಇಲಾಖೆಯಿಂದ ಎಂಜಿನಿಯರ್ ಹುಡುಗಿ ಶೈನಿ ಮಿಸ್ಕಿತ್ ಬಂದು
ಉಪ್ಪುನೀರಿನ ಟ್ಯಾಂಕಿಗೆ ಥರ್ಮಾಮೀಟರು ಇಳಿಸಿ
ನಾಲ್ಕು ಗಂಟೆ ಸ್ಟೂಲಿನಲ್ಲಿ ಕೂತಳು.
ಮೈನಸ್ ಹತ್ತು. ಮೈನಸ್ ಒಂಬತ್ತೂವರೆ.
ಎಂಟೂವರೆಗೆ ಬಂದಾಗ ಗಂಟೆ ಹತ್ತು ಹೊಡೆದಿತ್ತು.
"ನೋಡಿದ್ರಾ, ತಣ್ಣಗಿದ್ದದ್ದನ್ನು ನೆನಪಿಟ್ಟುಕೊಳ್ಳುತ್ತದೆ ಇದು."
ನೀರಿಗೆ ನೆನಪು ಉಂಟಂತೆ!
ನನಗೆ ನಿನ್ನೆಯ ಬನಿಯನ್ ಎಲ್ಲಿಟ್ಟೆನೆಂದು ನೆನಪಿಲ್ಲ.

ಏಪ್ರಿಲ್. ಸೆಕೆ ಅಂದರೆ ಸೆಕೆ.
ಊರಿಗೆ ಊರೇ ಮನೆಗೆ ಬಂದು ಒಟ್ಟಿಗೆ ಸ್ವಿಚ್ಚು ಒತ್ತುವ ಹೊತ್ತು.
ಹಂಪನಕಟ್ಟೆಯಲ್ಲಿ ಒಂದೊಂದು ಸೀರೆಗೂ ಮೂರು ಮೂರು ದೀಪ.
ಆಗಲೇ ಬಂದು ತಾಗಿತು ಬೋಟು.
ತಂಡೇಲ ಧರ್ಣಪ್ಪ ಮೆಂಡನ್ ಇಳಿಯುವ ಮೊದಲೇ
ಬೈಗುಳ ಇಳಿಯಿತು:
"ಎಂತ ಮಾರಾಯ, ಐಸಿನವರಿಗೂ ಉಪವಾಸವಾ?
ನನ್ನ ಬಂಗುಡೆ ನಿನ್ನ ಮೀಟರು ನೋಡಿಕೊಂಡು ಕೊಳೆಯುವುದಾ?"
ನಾನು ಮಾತಾಡಲಿಲ್ಲ. ಮುಚ್ಚಳ ಎತ್ತಿ ತೋರಿಸಿದೆ.
ರಾತ್ರಿ ಎರಡಕ್ಕೆ ಕಟ್ಟಿದ ಗಡ್ಡೆಗಳು,
ಹೊಗೆಯಾಡುತ್ತಾ, ಸಾಲಾಗಿ,
ನಿದ್ದೆಗೆಟ್ಟವನ ಲೆಕ್ಕದ ಪುಸ್ತಕದಂತೆ.
ಕ್ರಷರು ಮಾತ್ರ ಐದು ನಿಮಿಷ ಹಾಕಿದೆ, ಸುಳ್ಳು ಯಾಕೆ.

ಸದ್ದಿಲ್ಲದ ನಾಲ್ಕು ಗಂಟೆಯನ್ನು ಎಂತ ಮಾಡುವುದು?
ಮೊದಮೊದಲು ಕಿವಿಯೊಳಗೇ ಕಂಪ್ರೆಸರು ಓಡುತ್ತಿತ್ತು.
ಹತ್ತನೆಯ ದಿನವೋ ಹನ್ನೊಂದನೆಯದೋ
ಹಿಂದಿನ ಗೋಡೆಯಾಚೆ ಚಪ್ ಚಪ್ ಅಂದಿತು.
ಕಳ್ಳ ಬೆಕ್ಕಿರಬೇಕೆಂದು ಟಾರ್ಚು ಹಿಡಿದು ಹೋದರೆ
ಹೊಳೆ.
ಇಷ್ಟು ವರ್ಷ ನನ್ನ ಬೆನ್ನಿಗೇ ಇದ್ದದ್ದು.

ಗೂಡ್ಸ್‌ಶೆಡ್ಡಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ.
ಗುಲಾಬಿ ಬೀಡಿ ಕಟ್ಟುತ್ತಾಳೆ.
ಬೆಳಿಗ್ಗೆ ಗಂಜಿ ಬಡಿಸುತ್ತಾ ಅಂದಳು:
"ಈ ತಿಂಗಳು ರಿಜೆಕ್ಟು ಕಡಿಮೆ ಬಂತು.
ಏಳು ಗಂಟೆಗೆ ಬಲ್ಬು ಕೆಂಪಗಾಗುತ್ತಿತ್ತಲ್ಲ,
ಈಗ ಆಗುವುದಿಲ್ಲ. ಯಾವ ಪುಣ್ಯಾತ್ಮ ಸರಿ ಮಾಡಿದನೋ."

ಗಂಜಿಯಲ್ಲಿ ಕೈ ಹಾಗೇ ನಿಂತಿತು.
ನಮ್ಮ ಓಣಿಗೂ ಪ್ಲಾಂಟಿಗೂ ಒಂದೇ ಲೈನು.
ಹಾಗಾದರೆ ಅವಳು ಕಣ್ಣು ಕಿರಿದು ಮಾಡಿ
ಎಲೆಗೆ ನೂಲು ಸುತ್ತಿದ ಅಷ್ಟೂ ಸಂಜೆ,
ಎರಡು ಸಲ ಏರಿದ ಅವಳ ಕನ್ನಡಕದ ನಂಬರು,
ಕರೆಂಟಿನವರಿಗೆ ದಿನಾ ಹಾಕುತ್ತಿದ್ದ ಶಾಪ,
ಅರ್ಧವಾದರೂ ನನ್ನ ತಲೆಗೇ ಬಿದ್ದಿರಬೇಕು.
ಹೇಳಲಿಲ್ಲ.
ಇನ್ನೊಂದು ಮಿಡಿ ಉಪ್ಪಿನಕಾಯಿ ಕೇಳಿದೆ.

ಹತ್ತಕ್ಕೆ ಸರಿಯಾಗಿ ಹಿಡಿ ಮೇಲೆತ್ತಬೇಕು.
ಆಮೇಲೆ ಬೆಳಗಿನವರೆಗೆ ಅದರದ್ದೇ ರಾಜ್ಯ.
ಮೊನ್ನೆ ಹತ್ತೂ ಕಾಲಾಯಿತು.
ಹಾಜಿ ಕೇಳಿದರೆ ಬೆಲ್ಟು ಬಿಗಿ ಮಾಡುತ್ತಿದ್ದೆ ಅನ್ನುವುದು.
ನಿಜವೆಂದರೆ, ಕತ್ತಲಲ್ಲಿ ಒಂದು ಮೀನು ಹಾರಿತ್ತು.
ಇನ್ನೊಮ್ಮೆ ಹಾರೀತೋ ಎಂದು
ಹಿಡಿಯ ಮೇಲೆ ಕೈಯಿಟ್ಟು
ನಿಂತಿದ್ದೆ.