ಒಣಗದ ಚಿತ್ರ

ಒಂಬತ್ತು ವರ್ಷ ಟ್ಯಾಬ್ಲೆಟ್ಟಿನ ಗಾಜಿನ ಮೇಲೇ ಬರೆದೆ:
ಕಪ್ಪೆಯ ಜೀವನಚಕ್ರ, ಬ್ಯಾಂಕಿನ ಕ್ಯಾಲೆಂಡರಿಗೆ ನಗುವ ಕುಟುಂಬ,
"ಮೇಡಂ, ಹುಡುಗನ ಹಲ್ಲು ಇನ್ನೊಂಚೂರು ಕಾಣಲಿ."
ತಪ್ಪಿದರೆ ಎರಡು ಬೆರಳಲ್ಲಿ ತಟ್ಟಿದರಾಯ್ತು,
ತಪ್ಪಿದ್ದೇ ಇಲ್ಲವಾಗುತ್ತಿತ್ತು.

ಈ ಡಿಸೆಂಬರಿಗೆ ಕೈಯಲ್ಲಿ ಕಾಸಿಲ್ಲ,
ಎರಡು ಬಿಲ್ಲು ಬಾಕಿ.
ಕ್ರಿಸ್‌ಮಸ್ಸಿಗೆ ಸೀರೆಯ ಬದಲು ಚಿತ್ರ ಕೊಡುವ ಅಂತ
ಮಂಚದ ಕೆಳಗಿನ ಟ್ರಂಕು ಎಳೆದೆ.
ಟ್ಯೂಬಿನ ಮುಚ್ಚಳಗಳು ಕಲ್ಲು. ಇಕ್ಕಳ ಹಿಡಿದು ತಿರುವಿದೆ.
ಬಿಳಿ ಮಾತ್ರ ಒಳಗೇ ಸುಣ್ಣವಾಗಿತ್ತು.

ಅಡುಗೆಮನೆಯಿಂದ ಅವ್ವ:
"ಅಗಸಿ ಹಿಂಡಿ ಕುಟ್ಟಾಕತ್ತೀಯೇನ ಅಲ್ಲಿ?"
ಅದೇ ಎಣ್ಣಿ ಅವ್ವಾ, ಅದೇ ಅಗಸಿ,
ರೊಟ್ಟಿಗಲ್ಲ ಈ ಸಲ.

ಸುಗಂಧಮ್ಮತ್ತಿಯ ಕೈ ಬರೆಯಬೇಕಿತ್ತು.
ಕೌಲ್ ಬಜಾರಿನ ಜೀನ್ಸ್ ಘಟಕದಲ್ಲಿ
ಇಪ್ಪತ್ತು ವರ್ಷ ಪ್ಯಾಂಟು ತೊಳೆದ ಕೈ.
ಉಗುರ ಸಂದಿಯ ಆ ನೀಲಿ
ಯಾವ ಟ್ಯೂಬಿನಲ್ಲೂ ಇರಲಿಲ್ಲ.
ಕಪ್ಪು ಬೆರೆಸಿದೆ, ಕೆಟ್ಟಿತು. ಕೆರೆದೆ.
ಮತ್ತೆ ಬೆರೆಸಿದೆ.
ಕೆರೆದದ್ದೂ ಅಡಿಯಲ್ಲಿ ಉಳಿದೇ ಇರುತ್ತದೆ,
ಮರೆತಿದ್ದೆ ಅದನ್ನು.

ಸಂಡೂರಿನ ಲಾರಿಗಳ ಕೆಂಪು ಧೂಳು
ಕಿಟಕಿಯಿಂದ ಬಂದು ಹಸಿ ಬಣ್ಣಕ್ಕೆ ಕೂತಿತು. ಒರೆಸಲಿಲ್ಲ.

ಹಬ್ಬ ಬಂತು, ಚಿತ್ರ ಒಣಗಲಿಲ್ಲ.
ಹಾಗೇ ಅಂಚು ಹಿಡಿದು, ದುಪಟ್ಟಾ ತಾಗದಂತೆ
ಆಟೋದಲ್ಲಿ ಒಯ್ದೆ, ಕೊಡುಬಳೆ ಡಬ್ಬಿಯ ಜೊತೆ.
"ಇದು ನಂದಾ?" ಅಂದಳು ಅತ್ತಿ.
ಅಂದವಳೇ ಹೆಬ್ಬೆರಳು ಒತ್ತೇ ಬಿಟ್ಟಳು.

ಮುಂದಿನ ತಿಂಗಳು ಬಂದು ತಿದ್ದಿಕೊಡ್ತೀನಿ ಅಂದೆ.
ಅತ್ತಿ ಬೆರಳಿನ ಹೊಸ ನೀಲಿ ನೋಡುತ್ತಾ,
ಒರೆಸಿಕೊಳ್ಳದೆ,
ಕೇಕು ಕೊಯ್ಯಲು ಒಳಗೆ ಹೋದಳು.